ನೀಲಿ ಹುಡುಗ, ಗುಲಾಬಿ ಹುಡುಗಿ

ಕ್ಯಾಲಿಫೋರ್ನಿಯದ ಸ್ಯಾನ್ ಮರಿನೊ ಎಂಬ ಊರಿನಲ್ಲಿ, ರೈಲುದಾರಿ ಮತ್ತು ಭೂವ್ಯವಹಾರಗಳಿಂದ ಅಪಾರ ಹಣ ಗಳಿಸಿದ ಹೆನ್ರಿ ಹಂಟಿಂಗ್ಟನ್ ಕಟ್ಟಿಸಿದ ಮಹಲೊಂದಿದೆ. ಆತ ತೀರಿಕೊಂಡ ಮರುವರ್ಷ, 1928ರಲ್ಲಿ, ಅದು ಚಿತ್ರಶಾಲೆಯಾಗಿ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿನ ಉದ್ದನೆಯ ಹಜಾರವೊಂದರ ಗೋಡೆಗಳ ಮೇಲೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕುಲೀನ ಸಮಾಜ ಆಳೆತ್ತರದಲ್ಲಿ ನಿಂತಿದೆ. ರೆನಾಲ್ಡ್ಸ್ ಬರೆದ ಡೆವನ್‌ಶೈರ್‌ನ ಡಚೆಸ್ ಜಾರ್ಜಿಯಾನಾ ಇದ್ದಾಳೆ, ಮುಂದೆ ಹ್ಯಾರಿಂಗ್ಟನ್ನಿನ ಕೌಂಟೆಸ್ ಆದ ಜೇನ್ ಫ್ಲೆಮಿಂಗ್ ಇದ್ದಾಳೆ, ವೈಕೌಂಟೆಸ್ ಕ್ರಾಸ್ಬಿ ಇದ್ದಾಳೆ. ಗರಿ, ರೇಷ್ಮೆ, ಕಲ್ಲಿನ ಕಟಕಟೆ, ಹಿಂದೆ ದಟ್ಟ ಮರಗಳು. ಶಾಸನಗಳ ಪ್ರಶಸ್ತಿ ಭಾಗವನ್ನು ಓದಿ ಬಲ್ಲವರಿಗೆ ಈ ಭಾಷೆ ಅಪರಿಚಿತವೇನಲ್ಲ: ಅಲ್ಲಿ ವಿಶೇಷಣಗಳು ಮಾಡುವ ಕೆಲಸವನ್ನು ಇಲ್ಲಿ ಬಟ್ಟೆಯ ನೆರಿಗೆಗಳು ಮಾಡುತ್ತವೆ.

ಆದರೆ ಜನ ಬಂದು ನಿಲ್ಲುವುದು ಡಚೆಸ್ಸಿನ ಮುಂದಲ್ಲ. ಬಹುಕಾಲ ಈ ಹಜಾರದಲ್ಲಿ ಎದುರುಬದುರಾಗಿ ತೂಗಿದ ಇಬ್ಬರು ಮಕ್ಕಳ ಮುಂದೆ. ಒಂದು ಕಡೆ ಥಾಮಸ್ ಗೇನ್ಸ್‌ಬರೋನ ‘ದ ಬ್ಲೂ ಬಾಯ್’, ಇನ್ನೊಂದು ಕಡೆ ಥಾಮಸ್ ಲಾರೆನ್ಸ್‌ನ ‘ಪಿಂಕಿ’. ಬಿಸ್ಕತ್ತಿನ ಡಬ್ಬಿಗಳ ಮೇಲೆ, ಪಿಂಗಾಣಿ ಬೊಂಬೆಗಳಲ್ಲಿ, ಅಂಚೆ ಕಾರ್ಡುಗಳಲ್ಲಿ ಇವರಿಬ್ಬರೂ ಜೋಡಿಯಾಗಿ ಲೋಕ ಸಂಚಾರ ಮಾಡಿದ್ದಾರೆ. ಅಣ್ಣ ತಂಗಿಯರೆಂದು ಕೆಲವರು, ಎಳೆಯ ಪ್ರೇಮಿಗಳೆಂದು ಕೆಲವರು ಭಾವಿಸಿದ್ದುಂಟು. ವಾಸ್ತವದಲ್ಲಿ ಎರಡು ಚಿತ್ರಗಳ ನಡುವೆ ಇಪ್ಪತ್ನಾಲ್ಕು ವರ್ಷಗಳ ಅಂತರವಿದೆ. ಬರೆದವರು ಬೇರೆ, ಬರೆಸಿದವರು ಬೇರೆ. ಇವರನ್ನು ಜೋಡಿ ಮಾಡಿದ್ದು ಇಂಗ್ಲೆಂಡಲ್ಲ, ಅಮೆರಿಕದ ಒಂದು ಗೋಡೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಕುಲೀನರ ಸಂಗ್ರಹವೆಂದು ಹೆಸರಾದ ಈ ಹಜಾರದ ಅತಿ ಪ್ರಸಿದ್ಧರಾದ ಈ ಇಬ್ಬರೂ ಕುಲೀನರಲ್ಲ.

ಹುಡುಗನಿಂದ ಆರಂಭಿಸಬಹುದು. 1770ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಆ ಚಿತ್ರ ಪ್ರದರ್ಶನಗೊಂಡಾಗ ಅದರ ಹೆಸರು ‘ಒಬ್ಬ ತರುಣ ಸಭ್ಯನ ಭಾವಚಿತ್ರ’ ಎಂದಷ್ಟೇ ಇತ್ತು. ಆತ ಜೊನಾಥನ್ ಬಟಲ್ ಎಂಬುದು ಪರಂಪರೆಯ ಮಾತು. ಆ ಬಟಲ್ ಕಬ್ಬಿಣದ ಸಾಮಾನಿನ ವ್ಯಾಪಾರಿಯ ಮಗ. ಗೇನ್ಸ್‌ಬರೋನ ಸೋದರಳಿಯ, ಅವನ ಬಳಿಯೇ ಚಿತ್ರಕಲೆ ಕಲಿತ ಗೇನ್ಸ್‌ಬರೋ ಡ್ಯೂಪಾಂಟ್ ಇವನಿರಬಹುದೆಂದು ಇತ್ತೀಚಿನ ಸಂಶೋಧನೆಯ ಒಂದು ವಾದ. ಯಾವುದು ನಿಜವಾದರೂ ಅಂಗಡಿಕಾರನ ಮಗ ಅಥವಾ ಕಲಾವಿದನ ಮನೆಯ ಹುಡುಗ. ಲಾರ್ಡ್ ಅಂತೂ ಅಲ್ಲ. ಅವನು ತೊಟ್ಟಿರುವ ನೀಲಿ ಸ್ಯಾಟಿನ್ ಉಡುಪು ಕೂಡ ಅವನ ಕಾಲದ್ದಲ್ಲ. ಒಂದನೆಯ ಚಾರ್ಲ್ಸ್ ದೊರೆಯ ಆಸ್ಥಾನ ಚಿತ್ರಕಾರ ವ್ಯಾನ್ ಡೈಕ್‌ನ ಚಿತ್ರಗಳಲ್ಲಿ ಕಾಣುವ, ಆಗಲೇ ನೂರಮೂವತ್ತು ವರ್ಷ ಹಳೆಯದಾಗಿದ್ದ ವೇಷ ಅದು. ಗೇನ್ಸ್‌ಬರೋನ ಬೇರೆ ಚಿತ್ರಗಳಲ್ಲೂ ಇಂಥದೇ ಉಡುಪು ಬೇರೆಯವರ ಮೈಮೇಲೆ ಕಾಣಿಸಿಕೊಳ್ಳುತ್ತದೆ. ನಾಟಕ ಕಂಪನಿಯ ಪೆಟ್ಟಿಗೆಯಿಂದ ತೆಗೆದ ರಾಜಪೋಷಾಕಿನ ಹಾಗೆ, ತೊಟ್ಟವನು ಆ ಹೊತ್ತಿಗೆ ರಾಜಕುಮಾರ.

ಕ್ಷ-ಕಿರಣ ಪರೀಕ್ಷೆ ಮತ್ತೊಂದು ಸಂಗತಿಯನ್ನು ಹೊರಗೆಡವಿತು. ಹುಡುಗನ ಅಡಿಯಲ್ಲಿ ಯಾರೋ ದೊಡ್ಡ ವಯಸ್ಸಿನ ಗಂಡಸಿನ ಅರ್ಧಕ್ಕೆ ಬಿಟ್ಟ ಚಿತ್ರವಿದೆ; ಅವನ ಪಕ್ಕದಲ್ಲಿ ಬರೆದು ಅಳಿಸಿದ ನಾಯಿಯೊಂದಿದೆ. ಹಣ ಕೊಟ್ಟು ಬರೆಸಿಕೊಳ್ಳುವ ಶ್ರೀಮಂತನಿಗೆ ಬಳಸಿದ ಕ್ಯಾನ್ವಾಸನ್ನು ಕೊಡುವುದು ಕಷ್ಟ. ಹಾಗಾಗಿ ಇದು ಯಾರೋ ಬರೆಸಿದ ಚಿತ್ರವಲ್ಲ, ಗೇನ್ಸ್‌ಬರೋ ತನ್ನ ಖುಷಿಗೆ, ವ್ಯಾನ್ ಡೈಕ್‌ನೊಂದಿಗೆ ಸ್ಪರ್ಧೆಗಿಳಿದು ಬರೆದದ್ದು ಎಂಬ ಊಹೆಗೆ ಬಲ ಬರುತ್ತದೆ. ಚಿತ್ರದ ಬಗೆಗಿನ ಒಂದು ದಂತಕತೆ ಮಾತ್ರ ಇಷ್ಟು ಗಟ್ಟಿಯಲ್ಲ. ಚಿತ್ರದ ನಡುವೆ ತಣ್ಣನೆಯ ಬಣ್ಣ ರಾಶಿಯಾಗಿ ಇರಕೂಡದೆಂದು ರೆನಾಲ್ಡ್ಸ್ ಉಪನ್ಯಾಸ ಮಾಡಿದನಂತೆ, ಅದನ್ನು ಸುಳ್ಳು ಮಾಡಲೆಂದೇ ಗೇನ್ಸ್‌ಬರೋ ನೀಲಿಯನ್ನು ನಡುವೆ ಸುರಿದನಂತೆ. ಕತೆ ಸೊಗಸಾಗಿದೆ. ಆದರೆ ರೆನಾಲ್ಡ್ಸ್ ಆ ಮಾತು ಹೇಳಿದ್ದು 1778ರಲ್ಲಿ, ಚಿತ್ರ ಬಂದದ್ದು 1770ರಲ್ಲಿ. ಕವಿಚರಿತೆಗಳಲ್ಲಿ ಇಂಥ ಕತೆಗಳನ್ನು ಕಾಲನಿರ್ಣಯದ ಮುಂದೆ ಸೋಲಿಸಿ ರೂಢಿಯಿರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಈ ಹುಡುಗ ಕುಲೀನನಾದದ್ದು ಯಾವಾಗ? ಬರೆದಾಗಲ್ಲ, ಮಾರಾಟವಾದಾಗ. 1796ರಲ್ಲಿ ಬಟಲ್ ದಿವಾಳಿಯಾದ. ಚಿತ್ರ ಒಂದೆರಡು ಕೈ ದಾಟಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗ್ರೋವ್‌ನರ್ ಮನೆತನವನ್ನು ಸೇರಿತು. ಆ ಮನೆತನ ಮುಂದೆ ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್ ಪದವಿಗೆ ಏರಿತು. ಡ್ಯೂಕರ ಮನೆಯ ಗೋಡೆಯ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತ ಕಬ್ಬಿಣದಂಗಡಿಯ ಹುಡುಗ ಇಂಗ್ಲೆಂಡಿನ ಕುಲೀನತೆಯ ಮುಖವೇ ಆಗಿಬಿಟ್ಟ. ಅಷ್ಟರಲ್ಲಿ ಡ್ಯೂಕರ ಕಾಲವೇ ಇಳಿಮುಖವಾಗಿತ್ತು. 1870ರ ದಶಕದಿಂದ ಬೇಸಾಯದ ಆದಾಯ ಕುಸಿದಿತ್ತು, 1894ರಲ್ಲಿ ಆಸ್ತಿಯ ಮೇಲೆ ಮರಣತೆರಿಗೆ ಬಂದಿತ್ತು, ಆಮೇಲೆ ಮಹಾಯುದ್ಧ. ಭೂಮಿ ಉಳಿಸಿಕೊಳ್ಳಲು ಚಿತ್ರಗಳನ್ನು ಮಾರುವ ಕಾಲ ಅದು. ಕೊಳ್ಳುವ ಅಮೆರಿಕನ್ನರಿಗೂ ಮಾರುವ ಇಂಗ್ಲಿಷರಿಗೂ ನಡುವೆ ನಿಂತವನು ಜೋಸೆಫ್ ಡುವೀನ್ ಎಂಬ ಚತುರ ವ್ಯಾಪಾರಿ. 1921ರಲ್ಲಿ ಅವನು ನೀಲಿ ಹುಡುಗನನ್ನು ಹಂಟಿಂಗ್ಟನ್‌ಗೆ 7 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಮಾರಿದ. ಅದರೊಡನೆಯೇ ನಟಿ ಸಾರಾ ಸಿಡನ್ಸ್‌ಳನ್ನು ದುರಂತನಾಟಕದ ಅಧಿದೇವತೆಯಾಗಿ ಚಿತ್ರಿಸಿದ ರೆನಾಲ್ಡ್ಸ್‌ನ ಕೃತಿಯೂ ಕಡಲು ದಾಟಿತು. ಅಲ್ಲೂ ನೋಡಿ: ಸಿಂಹಾಸನದಲ್ಲಿ ಕುಳಿತಿರುವವಳು ರಾಣಿಯಲ್ಲ, ನಟಿ.

ಹೊರಡುವ ಮುನ್ನ ಹುಡುಗನನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಮೂರು ವಾರ ಇಡಲಾಯಿತು. ಸುಮಾರು 90,000 ಜನ ಬಂದು ನೋಡಿದರು. ಗ್ಯಾಲರಿಯ ನಿರ್ದೇಶಕ ಚಾರ್ಲ್ಸ್ ಹೋಮ್ಸ್ ಚಿತ್ರದ ಹಿಂಬದಿಯಲ್ಲಿ, ಮತ್ತೆ ಕಾಣೋಣ ಎಂಬರ್ಥದ ಫ್ರೆಂಚ್ ವಿದಾಯವನ್ನು ಬರೆದು ತನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಿದ.

ಇನ್ನು ಹುಡುಗಿಯ ಮಾತು. ಸಾಹಿತ್ಯದ ವಿದ್ಯಾರ್ಥಿಗಳು ನಿಂತು ನೋಡಬೇಕಾದ ಚಿತ್ರ ಇದು. ಪಿಂಕಿ ಎಂಬುದು ಮನೆಯವರು ಕರೆಯುತ್ತಿದ್ದ ಮುದ್ದಿನ ಹೆಸರು. ನಿಜನಾಮ ಸಾರಾ ಬ್ಯಾರೆಟ್ ಮೌಲ್ಟನ್. ಹುಟ್ಟಿದ್ದು 1783ರಲ್ಲಿ, ಜಮೈಕಾದಲ್ಲಿ. ತಾಯಿಯ ಮನೆತನವಾದ ಬ್ಯಾರೆಟ್ಟರು ಅಲ್ಲಿನ ಕಬ್ಬಿನ ತೋಟಗಳ ಒಡೆಯರು. ಆ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. ಒಂಬತ್ತರ ವಯಸ್ಸಿನಲ್ಲಿ ತಮ್ಮಂದಿರೊಡನೆ ಅವಳನ್ನು ಓದಿಗೆಂದು ಇಂಗ್ಲೆಂಡಿಗೆ ಕಳಿಸಿದರು. ಅಜ್ಜಿ ಜೂಡಿತ್ ಜಮೈಕಾದಲ್ಲೇ ಉಳಿದಳು. ಮೊಮ್ಮಗಳ ಹಂಬಲ ತಡೆಯಲಾರದೆ 1793ರ ಕೊನೆಯಲ್ಲಿ, ಇಂಗ್ಲೆಂಡಿನಲ್ಲಿದ್ದ ಬಂಧುವೊಬ್ಬಳಿಗೆ ಕಾಗದ ಬರೆದಳು: ಪಿಂಕಿಯ ಆಳೆತ್ತರದ ಚಿತ್ರವನ್ನು ಒಳ್ಳೆಯ ಕಲಾವಿದನಿಂದ ಬರೆಸಬೇಕು. ಈ ಕಾಗದದ ಮುಂದೆ ಡ್ಯೂಕರ ಪ್ರತಿಷ್ಠೆಯ ಚಿತ್ರಗಳೆಲ್ಲ ಸ್ವಲ್ಪ ಪೇಲವವಾಗಿ ಕಾಣುತ್ತವೆ. ಕನ್ನಡದಲ್ಲಿ ನಾವು ‘ಭಾವಚಿತ್ರ’ ಎನ್ನುತ್ತೇವೆ. ಅದರಲ್ಲಿರುವ ಭಾವ ಎದುರಿಗೆ ನಿಂತವರದೋ ಬರೆದವನದೋ ಎಂದು ಚರ್ಚಿಸುವುದುಂಟು. ಇಲ್ಲಿ ಅದು ಸಾವಿರಾರು ಮೈಲಿ ಆಚೆ ಕುಳಿತ ಒಬ್ಬ ಮುದುಕಿಯದು.

ಇಪ್ಪತ್ತೈದರ ತರುಣ ಲಾರೆನ್ಸ್ 1794ರಲ್ಲಿ ಚಿತ್ರ ಬರೆದ. ಹುಡುಗಿ ದಿಬ್ಬದ ಮೇಲೆ ನಿಂತಿದ್ದಾಳೆ. ದಿಗಂತ ಬಹಳ ಕೆಳಗಿದೆ. ಅವಳ ಹಿಂದೆ ಇರುವುದೆಲ್ಲ ಆಕಾಶ, ಮೋಡ, ಗಾಳಿ. ಬಿಳಿಯ ಮಸ್ಲಿನ್ ಲಂಗವೂ ಗುಲಾಬಿ ನಡುಪಟ್ಟಿಯೂ ಟೊಪ್ಪಿಗೆಯ ರಿಬ್ಬನ್ನುಗಳೂ ಗಾಳಿಗೆ ಹಾರುತ್ತಿವೆ. ನೀಲಿ ಹುಡುಗ ನೆಲದಲ್ಲಿ ಬೇರೂರಿದವನಂತೆ ನಿಂತರೆ ಇವಳು ಈಗಲೋ ಆಗಲೋ ಎದ್ದು ಹೋಗುವವಳಂತೆ ಕಾಣುತ್ತಾಳೆ. ಹಾಗೆ ಕಾಣುವುದು ಮುಂದಿನ ಕತೆ ಗೊತ್ತಿರುವುದರಿಂದಲೂ ಇರಬಹುದು. 1795ರ ಏಪ್ರಿಲ್‌ನಲ್ಲಿ, ಹನ್ನೆರಡು ವರ್ಷಕ್ಕೆ, ಸಾರಾ ತೀರಿಕೊಂಡಳು. ಆ ವರ್ಷದ ಅಕಾಡೆಮಿಯ ಪ್ರದರ್ಶನದಲ್ಲಿ ಗಾಳಿಗೆ ರಿಬ್ಬನ್ ಹಾರಿಸುತ್ತ ನಿಂತ ಹುಡುಗಿಯನ್ನು ಜನ ನೋಡುವಾಗ ಆಕೆ ಮಣ್ಣಾಗಿದ್ದಳು.

ಚಿತ್ರದಲ್ಲಿ ಜಮೈಕಾ ಎಲ್ಲಿಯೂ ಇಲ್ಲ. ಕಬ್ಬಿಲ್ಲ, ಗಾಣವಿಲ್ಲ, ಅಲ್ಲಿ ದುಡಿದ ಕೈಗಳಿಲ್ಲ. ಹನ್ನೊಂದರ ಹುಡುಗಿಯನ್ನು ಇದಕ್ಕಾಗಿ ಕಟಕಟೆಗೆ ಏರಿಸುವುದು ನ್ಯಾಯವಲ್ಲ; ಆದರೆ ಆ ಮಸ್ಲಿನ್ ಎಲ್ಲಿಯ ದುಡ್ಡಿನದೆಂದು ಕೇಳದೆ ಅವಳ ಚೆಲುವನ್ನಷ್ಟೇ ಹೊಗಳುವುದು ಅರ್ಧ ಓದು. ಆ ಪ್ರಶ್ನೆಯನ್ನು ಹೊರಗಿನವರು ಕೇಳುವ ಮೊದಲು ಆ ಮನೆಯೊಳಗಿನಿಂದಲೇ ಒಬ್ಬಳು ಕೇಳಿದಳು. ಸಾರಾಳ ತಮ್ಮ ಎಡ್ವರ್ಡ್‌ನ ಮಗಳು ಎಲಿಜಬೆತ್. ಸಾಹಿತ್ಯ ಚರಿತ್ರೆಗೆ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್. ಅಂದರೆ ಪಿಂಕಿ ಅವಳಿಗೆ ಸೋದರತ್ತೆ, ಅವಳು ಹುಟ್ಟುವ ಹನ್ನೊಂದು ವರ್ಷ ಮೊದಲೇ ಇಲ್ಲವಾದ, ಹನ್ನೆರಡು ದಾಟದ ಸೋದರತ್ತೆ. ಜಮೈಕಾದ ಸಕ್ಕರೆಯ ಹಣದಲ್ಲಿ ಬೆಳೆದ ಎಲಿಜಬೆತ್ 1840ರ ದಶಕದಲ್ಲಿ, ಅಮೆರಿಕದ ಗುಲಾಮಗಿರಿ ವಿರೋಧಿಗಳ ವಾರ್ಷಿಕ ಸಂಚಿಕೆಗಾಗಿ, ಓಡಿಹೋದ ಗುಲಾಮ ಹೆಂಗಸಿನ ಬಾಯಲ್ಲಿ ಮಾತಾಡುವ ದೀರ್ಘ ಕವಿತೆ ಬರೆದಳು. ಆ ಕವಿತೆಯನ್ನು ಪಾಠ ಮಾಡುವ ತರಗತಿಗಳಲ್ಲಿ ಈ ಚಿತ್ರವನ್ನೂ ಪಕ್ಕದಲ್ಲಿಟ್ಟರೆ ಒಳಿತು.

ಹಂಟಿಂಗ್ಟನ್ ಪಿಂಕಿಯನ್ನು ಕೊಂಡದ್ದು 1927ರಲ್ಲಿ, ತಾನು ಸಾಯುವ ಕೆಲವೇ ತಿಂಗಳ ಮೊದಲು, ಅದೇ ಡುವೀನ್‌ನಿಂದ.

ಹೋಮ್ಸ್ ಬರೆದ ವಿದಾಯ ನೂರು ವರ್ಷದ ಮೇಲೆ ನಿಜವಾಯಿತು. 2022ರ ಜನವರಿ 25ರಂದು, ಲಂಡನ್ ಬಿಟ್ಟ ಅದೇ ತಾರೀಖಿಗೆ, ನೀಲಿ ಹುಡುಗ ನ್ಯಾಷನಲ್ ಗ್ಯಾಲರಿಗೆ ಎರವಲಾಗಿ ಮರಳಿ ಕೆಲವು ತಿಂಗಳಿದ್ದು ಬಂದ. ಅದಕ್ಕೂ ಸ್ವಲ್ಪ ಮೊದಲು ಹಂಟಿಂಗ್ಟನ್ ಚಿತ್ರಶಾಲೆ, ಲಾಸ್ ಏಂಜಲಿಸ್‌ನಲ್ಲಿ ಬೆಳೆದ, ಬಾಲ್ಯದಲ್ಲಿ ಇದೇ ಹಜಾರದ ಚಿತ್ರಗಳನ್ನು ನೋಡಿದ್ದ ಕಪ್ಪು ಅಮೆರಿಕನ್ ಕಲಾವಿದ ಕೆಹಿಂಡೆ ವೈಲಿಯಿಂದ ಹೊಸ ಚಿತ್ರವೊಂದನ್ನು ಬರೆಸಿತು. ಸೆನೆಗಲ್‌ನ ತರುಣನೊಬ್ಬ ಅದರಲ್ಲಿ ನೀಲಿ ಹುಡುಗನ ಭಂಗಿಯಲ್ಲೇ ನಿಂತಿದ್ದಾನೆ. ಸ್ಯಾಟಿನ್ನಿನ ಬದಲು ಬಣ್ಣಬಣ್ಣದ ಟೀ ಶರ್ಟು, ಚಡ್ಡಿ. 2021ರಲ್ಲಿ ಅದನ್ನು ನೀಲಿ ಹುಡುಗನ ಎದುರುಗೋಡೆಗೆ ತೂಗುಹಾಕಿದರು. ವೈಲಿ ಅದಕ್ಕೆ ಹೊಸ ಹೆಸರನ್ನೇನೂ ಹುಡುಕಲಿಲ್ಲ. 1770ರ ಅಕಾಡೆಮಿಯಲ್ಲಿದ್ದ ಹಳೆಯ ಹೆಸರನ್ನೇ ಇಟ್ಟ: ‘ಒಬ್ಬ ತರುಣ ಸಭ್ಯನ ಭಾವಚಿತ್ರ’.