ಹತ್ತು ಪ್ರಶ್ನೆ, ಒಂದು ಹಣೆಪಟ್ಟಿ

ಮನುಷ್ಯನೊಬ್ಬನ ರಾಜಕೀಯ ನಿಲುವನ್ನು ಅರಿಯಲು ಹತ್ತು ಪ್ರಶ್ನೆಗಳು ಸಾಕೆಂದು ಅಮೆರಿಕದಲ್ಲಿ ಕೆಲವರು ಬಗೆದರು. ಇದಕ್ಕೆ ಮೂಲ, 1969ರಲ್ಲಿ ಡೇವಿಡ್ ನೋಲನ್ ಎಂಬಾತ ಕಲ್ಪಿಸಿದ ಒಂದು ನಕ್ಷೆ. ಎಡ, ಬಲ ಎಂಬ ಒಂದೇ ಗೆರೆಯ ಮೇಲೆ ಸಕಲ ಅಭಿಪ್ರಾಯಗಳನ್ನೂ ಸಾಲಾಗಿ ನಿಲ್ಲಿಸುವುದು ಆತನಿಗೆ ಸಮ್ಮತವಾಗಲಿಲ್ಲ. ವ್ಯಕ್ತಿಯ ಖಾಸಗಿ ಬಾಳಿನಲ್ಲಿ ಸರಕಾರ ಎಷ್ಟು ಕೈಹಾಕಬೇಕು, ಅವನ ಹಣಕಾಸಿನಲ್ಲಿ ಎಷ್ಟು ಎಂಬುದನ್ನು ಬೇರೆಬೇರೆಯಾಗಿಯೇ ಅಳೆಯಬೇಕೆಂಬುದು ಆತನ ವಾದ. ಮುಂದೆ ಮಾರ್ಷಲ್ ಫ್ರಿಟ್ಜ್ ಎಂಬಾತ ಆ ನಕ್ಷೆಗೆ ಹತ್ತು ಪ್ರಶ್ನೆಗಳನ್ನು ಹೊಂದಿಸಿದನು. ವಿಸಿಟಿಂಗ್ ಕಾರ್ಡಿನಷ್ಟು ಚೀಟಿಯಲ್ಲಿ ಅಡಗುವ ಈ ಪ್ರಶ್ನಾವಳಿಗೆ 'ಜಗತ್ತಿನ ಅತ್ಯಂತ ಚಿಕ್ಕ ರಾಜಕೀಯ ಪರೀಕ್ಷೆ' ಎಂದು ಹೆಸರಾಯಿತು.

ಐದು ಪ್ರಶ್ನೆ ಸ್ವಂತ ಬಾಳಿಗೆ, ಐದು ಹಣಕಾಸಿಗೆ. ಒಪ್ಪಿದರೆ 20 ಅಂಕ, 'ಇರಬಹುದು' ಎಂದರೆ 10, ಒಪ್ಪದಿದ್ದರೆ ಸೊನ್ನೆ. ಒಟ್ಟು ಕೂಡಿಸಿದರೆ ನಕ್ಷೆಯಲ್ಲಿ ಒಂದು ಸ್ಥಾನ, ಅದರೊಡನೆ ಒಂದು ಹೆಸರು. ವರಾನ್ವೇಷಣೆಯಲ್ಲಿ ಜಾತಕ ನೋಡುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು!

ಅಮೆರಿಕದ ಒಂದು ಸಣ್ಣ ಊರಿನ ಅಂಗಡಿಕಾರನ ಕೈಗೆ ಈ ಚೀಟಿ ಬಂದಿತೆಂದು ಭಾವಿಸೋಣ. ತೆರಿಗೆಯ ಭಾರವನ್ನು ಬಲ್ಲವನು. ತೆರಿಗೆಯನ್ನೂ ಸರಕಾರದ ವೆಚ್ಚವನ್ನೂ ಅರ್ಧಕ್ಕೆ ಇಳಿಸಬೇಕೆಂಬ ಮಾತು ಅವನಿಗೆ ಹಿತವಾಗಿಯೇ ಕೇಳಿಸುತ್ತದೆ. ಆದರೆ ಅವನ ವೃದ್ಧ ತಾಯಿಯ ಜೀವನ ನಡೆಯುತ್ತಿರುವುದು 1935ರ ಸಾಮಾಜಿಕ ಭದ್ರತಾ ಶಾಸನದಿಂದ ಬರುವ ಮಾಸಿಕ ವೇತನದಲ್ಲಿ. ಸರಕಾರದ ನೆರವನ್ನು ನಿಲ್ಲಿಸಿ ಎಲ್ಲವನ್ನೂ ಖಾಸಗಿ ದಾನಧರ್ಮಕ್ಕೆ ಬಿಡಬೇಕೆ ಎಂಬ ಪ್ರಶ್ನೆಯ ಮುಂದೆ ಅವನು ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತಾನೆ. ಪ್ರತಿ ಶನಿವಾರ ಚರ್ಚಿನಲ್ಲಿ ಬಡವರಿಗೆ ಅನ್ನ ಬಡಿಸುವವನು ಅವನೇ. ಸಾಲು ಮುಗಿಯುವ ಮೊದಲೇ ಪಾತ್ರೆ ಬರಿದಾಗುವುದನ್ನು ಕಣ್ಣಾರೆ ಕಂಡವನು. ಆದುದರಿಂದ 'ಇಲ್ಲ' ಎಂದು ಗುರುತು ಹಾಕುತ್ತಾನೆ. ಅವನ ದಾನಬುದ್ಧಿಯೇ ಹೇಳಿಸಿದ ಆ 'ಇಲ್ಲ'ವನ್ನು ಚೀಟಿಯು ಸರಕಾರದ ಮೇಲಿನ ಪ್ರೀತಿಯೆಂದು ಓದಿ ಸೊನ್ನೆ ಕೊಡುತ್ತದೆ.

ಲೆಕ್ಕದ ವಿನೋದ ಇಷ್ಟಕ್ಕೇ ಮುಗಿಯುವುದಿಲ್ಲ. ಎರಡು ಪ್ರಶ್ನೆಗಳಿಗೆ ದೃಢವಾಗಿ ಹೌದೆಂದು, ಎರಡಕ್ಕೆ ಅಷ್ಟೇ ದೃಢವಾಗಿ ಇಲ್ಲವೆಂದು, ಒಂದರಲ್ಲಿ ಮಾತ್ರ ಸಂದೇಹಪಟ್ಟವನಿಗೆ 50 ಅಂಕ. ಆಕಳಿಸುತ್ತ ಐದಕ್ಕೂ 'ಇರಬಹುದು' ಎಂದವನಿಗೂ ಅದೇ 50. ಇಬ್ಬರೂ ನಕ್ಷೆಯ ನಡುವೆ ಜೊತೆಯಾಗಿ ಕುಳಿತುಕೊಳ್ಳುತ್ತಾರೆ. ಹತ್ತಕ್ಕೆ ಹತ್ತನ್ನೂ ಒಪ್ಪಿದವನಿಗಾದರೋ ನಕ್ಷೆಯ ತುತ್ತತುದಿಯಲ್ಲಿ ಸ್ವಾತಂತ್ರ್ಯವಾದಿಯೆಂಬ ಬಿರುದು ಕಾದಿರುತ್ತದೆ. 1971ರಲ್ಲಿ ಹುಟ್ಟಿದ ಲಿಬರ್ಟೇರಿಯನ್ ಪಕ್ಷದ ಸ್ಥಾಪಕರಲ್ಲಿ ನೋಲನ್ ಒಬ್ಬನೆಂಬುದನ್ನು ಮರೆಯಬಾರದು. ಮನೆ ಕಟ್ಟಿದವನು ತನ್ನ ಕುರ್ಚಿಯನ್ನು ಗಾಳಿ ಬೆಳಕು ಬರುವ ಕಡೆಯೇ ಹಾಕಿಕೊಳ್ಳುತ್ತಾನೆ.

ಹಾಗೆಂದು ಪ್ರಶ್ನಾವಳಿಗಳನ್ನೆಲ್ಲ ಕಸದ ಬುಟ್ಟಿಗೆ ಎಸೆಯಬೇಕಿಲ್ಲ. ಯೂರೋಪಿನಲ್ಲಿ ಬೇರೊಂದು ಪದ್ಧತಿ ಬೆಳೆಯಿತು. ನೆದರ್ಲೆಂಡ್ಸಿನಲ್ಲಿ 1989ರಲ್ಲಿ ಆರಂಭವಾದ 'ಸ್ಟೆಮ್‌ವೈಜರ್' ಮತದಾರನ ಉತ್ತರಗಳನ್ನು ಪಕ್ಷಗಳ ನಿಲುವಿನೊಡನೆ ಹೋಲಿಸಿ ತೋರಿಸಿತು. ಅದನ್ನು ನೋಡಿ ಜರ್ಮನಿಯ ಸರಕಾರಿ ನಾಗರಿಕ ಶಿಕ್ಷಣ ಸಂಸ್ಥೆಯು 2002ರಲ್ಲಿ 'ವಾಲ್-ಓ-ಮಾಟ್' ಅನ್ನು ತಂದಿತು. ಇಲ್ಲಿ ಪಕ್ಷಗಳೇ ತಮ್ಮ ಉತ್ತರವನ್ನು ಕೊಡುತ್ತವೆ, ಕಾರಣವನ್ನೂ ಬರೆಯುತ್ತವೆ. ಫಲಿತಾಂಶವನ್ನು ಮತ ಹಾಕಲು ಶಿಫಾರಸೆಂದು ತಿಳಿಯಬಾರದೆಂದು ಸಂಸ್ಥೆಯೇ ಎಚ್ಚರಿಸುತ್ತದೆ. ಆದರೂ, ತಂದೆಯ ಕಾಲದಿಂದ ವಿರೋಧಿಸುತ್ತ ಬಂದ ಪಕ್ಷದ ಹೆಸರೇ ಪಟ್ಟಿಯ ಮೇಲ್ಭಾಗದಲ್ಲಿ ಬಂದರೆ ಗೃಹಸ್ಥನ ಎದೆ ಒಮ್ಮೆ ಧಸಕ್ಕೆನ್ನದೆ ಇರದು. ಪಕ್ಷನಿಷ್ಠೆಯೆಂದು ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಬರಿಯ ಅಭ್ಯಾಸವೋ, ಅಥವಾ ಯಂತ್ರವು ಕೇಳದೆ ಬಿಟ್ಟ ಯಾವುದೋ ನಂಬಿಕೆಯೋ ಎಂದು ಅವನು ಆಗ ತನ್ನೊಳಗೇ ಕೆದಕಬೇಕಾಗುತ್ತದೆ.

ಇಲ್ಲಿ ಇನ್ನೊಂದು ಸೌಕರ್ಯವೂ ಇದೆ. 2021ರ ಮತ್ತು 2025ರ ಸಂಸತ್ ಚುನಾವಣೆಗಳಲ್ಲಿ ಇದ್ದದ್ದು 38 ಹೇಳಿಕೆಗಳು. ಅವೆಲ್ಲ ಮುಗಿದ ಮೇಲೆ ಅವುಗಳಲ್ಲಿ ಯಾವುವು ನಿಮಗೆ ವಿಶೇಷ ಮುಖ್ಯ ಎಂದು ಯಂತ್ರ ಕೇಳುತ್ತದೆ. ಗುರುತಿಸಿದವುಗಳಿಗೆ ಎರಡರಷ್ಟು ತೂಕ. ಹೌದು, ಇಲ್ಲ ಎಂದು ಸರಸರನೆ ಒತ್ತುತ್ತ ಬಂದ ಬೆರಳು ನಿಧಾನವಾಗಬೇಕಾದದ್ದು ಈ ಪುಟದಲ್ಲಿಯೇ.