‘ವೆರಿ’ಯೋ, ‘ಬಿಹೇವಿಯರ್’ಓ?

ಬ್ರಿಟನ್ನಿನ ಪೆಟ್ ಶಾಪ್ ಬಾಯ್ಸ್ ಅಂದರೆ ನೀಲ್ ಟೆನಂಟ್, ಕ್ರಿಸ್ ಲೋ ಜೋಡಿ. ಇವರ ಅಭಿಮಾನಿಗಳು ನಾಲ್ಕು ಜನ ಸೇರಿದರೆ ಸಾಕು, ಜಗಳ ಶುರು: ಒಳ್ಳೇ ಆಲ್ಬಮ್ ಯಾವುದು, ಕಳಪೆ ಯಾವುದು?

ನಮ್ಮಲ್ಲಿ 1993ರ ‘ವೆರಿ’ ಅನ್ನೋರೇ ಜಾಸ್ತಿ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಆಲ್ಬಮ್ ಅದು. ಕುಣಿಯೋಕೆ ಬೇಕಾದ್ದೆಲ್ಲ ಇದೆ. ಕಳಪೆ ಅಂದರೆ ಬೆರಳು ಹೋಗೋದು 2002ರ ‘ರಿಲೀಸ್’ ಕಡೆಗೆ. ಸಿಂಥಸೈಜರ್ ನಂಬಿ ಬಂದವರಿಗೆ ಗಿಟಾರ್ ಕೇಳಿಸಿದರೆ ಮುನಿಸು ಬರದೆ ಇರುತ್ತಾ? ನನಗೇನೋ ಅಷ್ಟು ಸಿಟ್ಟಿಲ್ಲ. ಜಾನಿ ಮಾರ್ ನುಡಿಸಿದ ಗಿಟಾರ್ ರೀ ಅದು!

ನನ್ನ ಓಟು 1990ರ ‘ಬಿಹೇವಿಯರ್’ಗೆ. ಹೆರಾಲ್ಡ್ ಫಾಲ್ಟರ್‌ಮೈಯರ್ ಜೊತೆ ಮ್ಯೂನಿಕ್‌ನಲ್ಲಿ, ಹಳೇ ಅನಲಾಗ್ ಸಿಂಥಸೈಜರ್‌ಗಳಲ್ಲಿ ಮಾಡಿದ್ದು. ಅದರ ಮೊದಲ ಹಾಡು ‘ಬೀಯಿಂಗ್ ಬೋರಿಂಗ್’ ಬ್ರಿಟನ್ನಿನ ಪಟ್ಟಿಯಲ್ಲಿ 20ಕ್ಕೇ ನಿಂತಿತು. ಟೆನಂಟ್ ಅದನ್ನು ಬರೆದದ್ದು ಏಡ್ಸ್‌ನಿಂದ ತೀರಿಕೊಂಡ ಗೆಳೆಯನ ನೆನಪಲ್ಲಿ. ಇಪ್ಪತ್ತರ ವಯಸ್ಸಲ್ಲಿ ನನಗದು ಪಾರ್ಟಿ ಹಾಡು. ಈಗ ಐವತ್ತು ದಾಟಿದೆ, ಫೋನಿನಲ್ಲಿ ಅಳಿಸೋಕೆ ಮನಸ್ಸು ಬಾರದ ಮೂರು ನಂಬರುಗಳಿವೆ. ಹಾಡು ಪೂರ್ತಿ ಕೇಳೋಕೆ ಆಗಲ್ಲ.

‘ವೆರಿ’ ಕಡೆಯವರು ಇದನ್ನು ವಾದ ಅಂತಲೇ ಒಪ್ಪಲ್ಲ. “ಬರೀ ಅಳು. ಕುಣಿಯೋಕೆ ಒಂದಾದರೂ ಹಾಡಿದೆಯಾ ಅದರಲ್ಲಿ?” ಅಂತಾರೆ. ‘ಸೋ ಹಾರ್ಡ್’ ಇದೆಯಲ್ಲ, ಅಂತೀನಿ.