ಮನಿಯ ಬಾಣಂತನ

ಕೊಥರೂಡಿನ ಆ ಮೂರನೇ ಮಹಡಿಯ ಮನೆಗೆ ಬೆಕ್ಕು ತಾನಾಗಿ ಬಂದು ಸೇರಿಕೊಂಡದ್ದು ಮೇ ತಿಂಗಳಲ್ಲಿ. ಪುಣೆಯಲ್ಲಿ ಹೆಣ್ಣು ಬೆಕ್ಕಿಗೆ ಸುಲಭವಾಗಿ ಸಿಗುವ ಹೆಸರು ಮನಿ. ಎದುರು ಮನೆಯ ಆಜಿ ಹಾಗೆ ಕರೆದರು, ಐದು ವರ್ಷದ ಹುಡುಗಿಯೂ ಹಾಗೇ ಕರೆದಳು, ಬೆಕ್ಕೂ ಒಪ್ಪಿಕೊಂಡಿತು. ಧಾರವಾಡದ ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಆಕೆ ಬಹಳ ಹೊತ್ತು ನಕ್ಕಳು. ‘ಬೆಕ್ಕಿಗೆ ಮನಿ ಅಂತ ಹೆಸರೇನ? ಇನ್ನ ಮನಿ ಮನ್ಯಾಗ ಐತೇನು ಅಂತ ಕೇಳಬೇಕೇನು?’

ಮರಿಯಾಗದಂತೆ ಆಪರೇಷನ್ ಮಾಡಿಸೋಣವೆಂದು ಜೂನ್ ಮೊದಲ ವಾರ ಪಶುವೈದ್ಯರ ಬಳಿ ಒಯ್ದರೆ, ಅವರು ಹೊಟ್ಟೆ ಮುಟ್ಟಿ ನೋಡಿ ತಲೆಯಾಡಿಸಿದರು. ಮೊಲೆತೊಟ್ಟುಗಳು ಆಗಲೇ ಗುಲಾಬಿ ಬಣ್ಣಕ್ಕೆ ತಿರುಗಿದ್ದವು, ಅಂದರೆ ಮೂರು ವಾರ ಆಗಿರಬೇಕು. ಬೆಕ್ಕಿನ ಬಸುರು ಒಂಬತ್ತು ವಾರ, 63 ದಿನದ ಆಚೀಚೆ. ಬಸುರಿದ್ದಾಗಲೂ ಆಪರೇಷನ್ ಮಾಡಬಹುದು, ಯೋಚಿಸಿ ಹೇಳಿ ಅಂದರು ವೈದ್ಯರು. ಅವಳು ಯೋಚಿಸಲಿಲ್ಲ. ಚೀಲದೊಳಗೆ ಕೂಗುತ್ತಿದ್ದ ಮನಿಯನ್ನು ಆಟೋದಲ್ಲಿ ಮನೆಗೆ ತಂದಳು.

ಆ ರಾತ್ರಿ ಅವ್ವ ಫೋನಿನಲ್ಲಿ, ‘ಹಂಗಾರ ಬಾಣಂತನಕ್ಕ ನಾ ಬರ್ತೀನಿ ತಗೊ’ ಅಂದಳು. ತಮಾಷೆಗೆ ಅಂದದ್ದು. ಆದರೆ ಎರಡೂ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅವಳು 2020ರ ಏಪ್ರಿಲ್‌ನಲ್ಲಿ ಧಾರವಾಡಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಹುಡುಗಿ ಹುಟ್ಟಿದ ಮೇ ತಿಂಗಳಲ್ಲಿ ಅತ್ತಿಂದಿತ್ತ ಯಾರೂ ಬರುವಂತಿರಲಿಲ್ಲ. ಕೂಸಿಗೆ ಎರೆಯುವುದನ್ನು ಗಂಡ ವಿಡಿಯೋ ಕಾಲಿನಲ್ಲಿ ಅತ್ತೆಯಿಂದ ಕಲಿತ. ಅವ್ವ ಕಟ್ಟಿದ ಅಂಟಿನುಂಡಿಯನ್ನು ಧಾರವಾಡದ ಓಣಿಯವರೇ ತಿಂದರು. ಮೊಮ್ಮಗಳಿಗೆಂದು ಹಳೇ ಇಳಕಲ್ ಸೀರೆಗಳಿಂದ ಹೊಲಿದ ಕೌದಿ ಟ್ರಂಕಿನಲ್ಲೇ ಉಳಿಯಿತು. ಮುಂದೆ ಬಂದು ಹೋಗುವುದು ಶುರುವಾದಾಗ ಕೂಸಿಗೆ ಆ ಕೌದಿ ಸಣ್ಣದಾಗಿತ್ತು.

ಜುಲೈ ಮೊದಲ ವಾರ ರಾತ್ರಿ ಬಸ್ಸಿನಲ್ಲಿ ಅವ್ವ ಬಂದಿಳಿದಾಗ ಬ್ಯಾಗಿನಲ್ಲಿ ಅದೇ ಕೌದಿ ಇತ್ತು. ಬಿಚ್ಚಿದ ಕೂಡಲೇ ಡಾಂಬರ ಗುಳಿಗೆಯ ವಾಸನೆ ಕೋಣೆ ತುಂಬ ಹರಡಿತು. ಅದು ಬೆಕ್ಕಿಗೆ ವಿಷ. ‘ಐದು ವರ್ಷ ನುಸಿ ಹತ್ತದಂಗ ಇಟ್ಟೀನಿ’ ಎಂದು ಅವ್ವ ಮುಖ ಸಣ್ಣದು ಮಾಡಿದಳು. ಎರಡು ಸಲ ಒಗೆದರು. ಪುಣೆಯ ಮಳೆಗಾಲದಲ್ಲಿ ಕೌದಿ ಒಣಗುವುದೆಂದರೆ ಸಣ್ಣ ಮಾತಲ್ಲ; ಮೂರು ದಿನ ಫ್ಯಾನಿನ ಕೆಳಗೆ ಹರವಿ, ಮೂಸಿ ಮೂಸಿ ನೋಡಿದ್ದಾಯಿತು.

ಉಳಿದ ಸಿದ್ಧತೆಯಲ್ಲೂ ಜಗಳ ತಪ್ಪಲಿಲ್ಲ. ಅವ್ವ ಲೋಬಾನ ತಂದಿದ್ದಳು. ಹೊಗೆ ಬೇಡವೆಂದು ಮಗಳು ತಡೆದಳು. ಬಟ್ಟಲು ತುಂಬ ಹಾಲು ಇಟ್ಟಳು. ದೊಡ್ಡ ಬೆಕ್ಕುಗಳಿಗೆ ಆಕಳ ಹಾಲು ಅರಗುವುದು ಕಷ್ಟ, ಭೇದಿಯಾಗುತ್ತದೆ ಎಂದು ಅದೂ ಹೋಯಿತು. ‘ಹಾಲ ಕೊಡಬ್ಯಾಡಂದ್ರ ಬಾಣಂತಿಗೆ ಮತ್ತೇನ ಕೊಡೋದ?’ ಮರಿಬೆಕ್ಕುಗಳ ಆಹಾರವನ್ನೇ ಬಸುರಿ ಬೆಕ್ಕಿಗೂ ಕೊಡಬೇಕು, ಅದರಲ್ಲಿ ಸತ್ವ ಹೆಚ್ಚು ಎಂದು ವೈದ್ಯರು ಹೇಳಿದ್ದರು. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುವುದನ್ನು ಮಗಳು ತಾನೇ ನಿಲ್ಲಿಸಿದ್ದಳು, ಅದೂ ಬೆಕ್ಕಿಗಾಗದು. ಆದರೆ ಜಾಗ ಆರಿಸುವಾಗ ಅವ್ವನ ಮಾತೂ ವೈದ್ಯರ ಮಾತೂ ಒಂದೇ ಆದವು: ಕತ್ತಲಿರಬೇಕು, ಬೆಚ್ಚಗಿರಬೇಕು, ಗಾಳಿ ಬಡಿಯಬಾರದು, ಮಂದಿ ಬಂದು ಇಣುಕಬಾರದು. ಬಾಣಂತಿ ಕೋಣೆಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಹಿಂದಿನ ಕೋಣೆಯ ಮಂಚದಡಿ ದೊಡ್ಡ ರಟ್ಟಿನ ಪೆಟ್ಟಿಗೆ ಇಟ್ಟರು. ಒಂದು ಬದಿಯನ್ನು, ತಾಯಿ ದಾಟುವಷ್ಟು, ಮರಿ ಉರುಳಿ ಹೊರಬೀಳದಷ್ಟು ಎತ್ತರಕ್ಕೆ ಕತ್ತರಿಸಿದರು. ಕೌದಿಯ ಮೇಲೆ ಪೇಪರು. ಪಕ್ಕದಲ್ಲಿ ಒಗೆದ ಟವೆಲ್ಲುಗಳು, ಕತ್ತರಿ, ನೂಲು. ಫ್ರಿಜ್ಜಿನ ಬಾಗಿಲ ಮೇಲೆ ವೈದ್ಯರ ನಂಬರು. ಎಕ್ಸ್‌ರೇಯಲ್ಲಿ ನಾಲ್ಕು ತಲೆಬುರುಡೆ ಎಣಿಸಿದ್ದರು. ಹೆರಿಗೆ ಮುಗಿಯಿತೋ ಮರಿ ಒಳಗುಳಿಯಿತೋ ತಿಳಿಯಲು ಈ ಲೆಕ್ಕ ಬೇಕು. ಮೈಬಿಸಿ 100 ಡಿಗ್ರಿ ಫ್ಯಾರನ್‌ಹೀಟಿಗಿಂತ ಇಳಿದರೆ ಒಂದು ದಿನದೊಳಗೆ ಹೆರಿಗೆ ಎಂದು ಹೇಳುತ್ತಾರೆ. ಬೆಕ್ಕಿನ ಹಿಂಭಾಗದಲ್ಲಿ ಥರ್ಮಾಮೀಟರ್ ಇಡಲು ಒಮ್ಮೆ ಯತ್ನಿಸಿ, ಮೊಣಕೈ ತನಕ ಪರಚಿಸಿಕೊಂಡು, ಅವಳು ಆ ಯೋಜನೆ ಕೈಬಿಟ್ಟಳು. ‘ನಿನ್ನೆ ರಾತ್ರಿಯಿಂದ ಉಂಡಿಲ್ಲ, ಪೇಪರ ಹರದು ಹಾಕ್ಯದ. ಇವತ್ತ’ ಎಂದಳು ಅವ್ವ, ಥರ್ಮಾಮೀಟರಿನ ಹಂಗಿಲ್ಲದೆ.

ಅಂದು ರಾತ್ರಿ ಒಂದೂವರೆಗೆ ಮೊದಲನೆಯದು ಬಂತು. ಮನಿ ತಾನೇ ಚೀಲ ಹರಿದು, ನೆಕ್ಕಿ, ಹೊಕ್ಕಳಬಳ್ಳಿ ಕಡಿದು, ಮಾಸನ್ನು ತಿಂದಿತು. ಇಬ್ಬರೂ ದೂರ ಕೂತು ನೋಡಿದರು. ಮೂರು ಗಂಟೆಯ ಹೊತ್ತಿಗೆ ಮೂರಾದವು. ನಾಲ್ಕನೆಯದಕ್ಕೆ ಮನಿ ತಿಣುಕಿತು, ತಿಣುಕಿತು, ಏನೂ ಬರಲಿಲ್ಲ. ಜೋರಾಗಿ ತಿಣುಕಿ ಇಪ್ಪತ್ತು ಮೂವತ್ತು ನಿಮಿಷವಾದರೂ ಮರಿ ಬಾರದಿದ್ದರೆ ಕಾಯಬಾರದು. ಇಪ್ಪತ್ತೆರಡನೇ ನಿಮಿಷಕ್ಕೆ ಅವಳು ಫೋನು ಹಚ್ಚಿದಳು. ಅತ್ತ ರಿಂಗಾಗುತ್ತಿರುವಾಗಲೇ ಇತ್ತ ಮರಿ ಜಾರಿ ಬಿತ್ತು, ಚೀಲ ಸಮೇತ. ದಣಿದ ಮನಿ ತಿರುಗಿಯೂ ನೋಡಲಿಲ್ಲ.

ಅವ್ವ ಮಂಚದಡಿ ತೂರಿದಳು. ಅರವತ್ತೆಂಟು ವರ್ಷದ, ಮೊಣಕಾಲು ನೋವಿನ ಅವ್ವ. ಬೆರಳಿನಿಂದ ಮೂಗಿನ ಹತ್ತಿರ ಚೀಲ ಹರಿದಳು, ಬಾಯಿ ಒರೆಸಿದಳು, ತಲೆ ತುಸು ಕೆಳಗಾಗುವಂತೆ ಟವೆಲ್ಲಿನಲ್ಲಿ ಹಿಡಿದು ಬೆನ್ನು ತಿಕ್ಕತೊಡಗಿದಳು. ‘ಎಳಗರುಕ್ಕ ಹಿಂಗ ತಿಕ್ಕತಿದ್ವಿ.’ ಮತ್ತೆ ತಿಕ್ಕಿದಳು. ಅಂಗೈಯಷ್ಟಿರುವ ಆ ಜೀವ ಅಲುಗಲಿಲ್ಲ. ಮಗಳು ಫೋನು ಹಿಡಿದು ನಿಂತಿದ್ದಳು, ವೈದ್ಯರು ಹಲೋ ಹಲೋ ಅನ್ನುತ್ತಿದ್ದರು. ಆಗ ಕಿರ್‍ ಎಂದು ಸಣ್ಣ ಸದ್ದಾಯಿತು. ‘ಬಾ ನನ್ನವ್ವ’ ಎಂದಳು ಅವ್ವ. ಮರಿಗೆ ಅಂದಳೋ ಮಗಳಿಗೋ, ಮಗಳಿಗೆ ತಿಳಿಯಲಿಲ್ಲ. ಅವಳು ಕತ್ತರಿ, ನೂಲು ಹಿಡಿದು ತಾನೂ ಮಂಚದಡಿ ತೂರಿದಳು.

ಅಡುಗೆಮನೆಯ ತಕ್ಕಡಿಯಲ್ಲಿ ಮೂರು ಮರಿಗಳು ನೂರು ಗ್ರಾಂ ಆಸುಪಾಸು ತೂಗಿದವು, ಕೊನೆಯದು 82. ಕೌದಿ ರಕ್ತ ನೀರು ಕುಡಿದು ಕೆಟ್ಟಿತ್ತು. ಮಗಳು ಪೇಚಾಡಿದಳು. ‘ಹೊಲಿದದ್ದು ಇದಕ್ಕ ಅಲ್ಲೇನು?’ ಎಂದು ಅವ್ವ ಅದನ್ನು ಬಕೇಟಿಗೆ ಹಾಕಿದಳು.

ಮರಿಗೆ ಹಾಲೂಡುತ್ತಿರುವಾಗಲೇ ಬೆಕ್ಕು ಮತ್ತೆ ಬಸುರಾಗಬಲ್ಲದು. ಹಾಗಾಗಿ ಕಿಟಕಿಗಳಿಗೆ ಜಾಲರಿ ಬಿತ್ತು, ಮರಿಗಳು ಹಾಲು ಬಿಟ್ಟ ಮೇಲೆ ಆಪರೇಷನ್ ಎಂದು ನಿಶ್ಚಯವಾಯಿತು. ಭಾನುವಾರ ಅವ್ವ ಊರಿಗೆ ಹೊರಡುವುದಿತ್ತು.

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ಖಾಲಿ. ಹುಡುಗಿ ಅಳುತ್ತ ಮನೆಯೆಲ್ಲ ಹುಡುಕಿದಳು. ಹಾಲಿನ ಮೂಲೆಯಲ್ಲಿ ಅವ್ವ ತುಂಬಿಟ್ಟ ಬ್ಯಾಗಿನ ಹಿಂದೆ, ಗೋಡೆಗೆ ಒತ್ತಿ, ಮನಿ ನಾಲ್ಕು ಮರಿಗಳೊಡನೆ ಮಲಗಿತ್ತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಆಕೆಗೆ ನೆನಪಾಯಿತು.

‘ಎರಡ ಮನಿ ಆತು’ ಎಂದಳು ಅವ್ವ. ಆಮೇಲೆ ಅಳಿಯನ ಕಡೆ ತಿರುಗಿದಳು. ‘ಇನ್ನೂ ಐದು ಬಾಕಿ ಅದಾವ. ಆ ಟಿಕೀಟು ರದ್ದು ಮಾಡಸ್ರಿ.’